ಅಮ್ಮನ ಕೈಗೆ ಒಂದೇ ರಿಮೋಟು

(ಯುವಕರ ಭಾನುವಾರದ ಕೂಟದಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಾನು ಭಾಷಣಕಾರ ಅಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿಗೆ ಬಂದವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ ಅಚ್ಚು ಹಾಕಿಕೊಂಡೇ ತಲೆ ನೆರೆಯುತ್ತಿದೆ. ನಾಡು ನುಡಿಯ ಬಗ್ಗೆ ಬಲ್ಲವರು ಆಗಲೇ ಮಾತಾಡಿ ಕೂತಿದ್ದಾರೆ. ನಾನು ರಿಮೋಟಿನ ಬಗ್ಗೆ ಮಾತಾಡುತ್ತೇನೆ. ನಗಬೇಡಿ, ಕಾರಣ ಇದೆ.

ನಮ್ಮ ತಂದೆಗೆ ಹಾಡಿನ ಹುಚ್ಚು. ದುಡಿದ ದುಡ್ಡಿನಲ್ಲಿ ಒಂದೊಂದೇ ಸಾಮಾನು ಕೂಡಿಸಿದರು. ಟಿವಿ, ಸೆಟ್ ಟಾಪ್ ಬಾಕ್ಸು, ಡಿವಿಡಿ ಪ್ಲೇಯರು, ಐದು ಸ್ಪೀಕರಿನ ಆಂಪ್ಲಿಫೈಯರು. ಹೋಂ ಥಿಯೇಟರ್ ಅನ್ನುತ್ತೀರಲ್ಲ, ಅದು. ಟಿವಿಯದೇ ಸ್ಪೀಕರನ್ನು ಬಂದ್ ಮಾಡಿಸಿ, ಎಲ್ಲ ಸದ್ದೂ ಆಂಪ್ಲಿಫೈಯರಿನಿಂದಲೇ ಬರುವಂತೆ ಮಾಡಿದ್ದರು. ಟೀಪಾಯಿ ಮೇಲೆ ನಾಲ್ಕು ರಿಮೋಟು. ಕತ್ತಲಲ್ಲೂ ಅವರ ಕೈ ತಪ್ಪುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅವರು ಹೋಗಿಬಿಟ್ಟರು. ರಿಮೋಟುಗಳು ಅಮ್ಮನ ಪಾಲಿಗೆ ಬಂದವು.

ಒಂದು ದಿನ ಪ್ರೆಸ್ಸಿನಿಂದ ಬೇಗ ಬಂದೆ. ಅಮ್ಮ ಟಿವಿ ಮುಂದೆ ಕೂತಿದ್ದಾರೆ. ಚಿತ್ರ ಓಡುತ್ತಿದೆ, ಸದ್ದಿಲ್ಲ. ಕೇಳಿದರೆ, "ಮೂರು ದಿನದಿಂದ ಹಿಂಗೇ ಕಣಪ್ಪ. ನಿಂಗೆ ಪ್ರೆಸ್ಸಲ್ಲಿ ಕೆಲಸ, ಯಾಕೆ ಹೇಳೋದು ಅಂತ ಸುಮ್ಮನಿದ್ದೆ" ಅಂದರು. ಆಂಪ್ಲಿಫೈಯರು ಆಫ್ ಆಗಿತ್ತು, ಅಷ್ಟೇ. ಒಂದು ಬಟನ್ನಿನ ಕೆಲಸ. ಅದಕ್ಕೆ ಮೂರು ದಿನ ಮೂಕಿ ಚಿತ್ರ ನೋಡಿದ್ದಾರೆ, ಮಗನನ್ನು ಕರೆಯುವುದು ಬೇಡ ಅಂತ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮರುದಿನವೇ ಎಸ್.ಪಿ. ರಸ್ತೆಗೆ ಹೋದೆ. ಎಲ್ಲದಕ್ಕೂ ಒಂದೇ ರಿಮೋಟು ಅಂತ ಅಲ್ಲಿ ಎರಡು ಜಾತಿ ಮಾರುತ್ತಾರೆ. ಒಂದರ ಹೊಟ್ಟೆಯಲ್ಲಿ ಕಂಪನಿಗಳ ಪಟ್ಟಿ ಮೊದಲೇ ತುಂಬಿರುತ್ತದೆ, ನಿಮ್ಮ ಟಿವಿಯ ನಂಬರು ಒತ್ತಬೇಕು. ಪಟ್ಟಿಯಲ್ಲಿ ನಿಮ್ಮದು ಇದ್ದರೆ ಪುಣ್ಯ. ಇನ್ನೊಂದು ಕಲಿಯುವ ರಿಮೋಟು. ಹಳೇ ರಿಮೋಟನ್ನು ಎದುರಿಗಿಟ್ಟು ಒತ್ತಿದರೆ ನೋಡಿಕೊಂಡು ಕಲಿಯುತ್ತದೆ. ನಾನು ತಂದಿದ್ದು ಎರಡನೆಯದು.

ಅದು ಏನನ್ನು ಕಲಿಯುತ್ತದೆ? ರಿಮೋಟಿನ ಮೂತಿಯಲ್ಲಿರುವ ಸಣ್ಣ ಬಲ್ಬು ನಮ್ಮ ಕಣ್ಣಿಗೆ ಕಾಣದ ಬೆಳಕು ಬಿಡುತ್ತದೆ. ಮೊಬೈಲ್ ಕ್ಯಾಮೆರಾ ಎದುರು ಹಿಡಿದು ಬಟನ್ ಒತ್ತಿ, ಹಲವು ಮೊಬೈಲುಗಳಲ್ಲಿ ಮಿನುಗುವುದು ಕಾಣುತ್ತದೆ. ಆ ಮಿನುಗಿಗೆ ಒಂದು ತಾಳ ಇದೆ. ಜಪಾನಿನ ಎನ್‌ಇಸಿ ಪದ್ಧತಿಯಲ್ಲಿ ಮೊದಲು 9 ಮಿಲಿಸೆಕೆಂಡಿನ ಒಂದು ಉದ್ದ ಮಿಂಚು, 4.5 ಮಿಲಿಸೆಕೆಂಡು ಕತ್ತಲು, ಆಮೇಲೆ ಸಣ್ಣ ಮಿಂಚುಗಳ ಸಾಲು. ನಡುವಿನ ಕತ್ತಲು ಗಿಡ್ಡವಾದರೆ 0, ಉದ್ದವಾದರೆ 1. ಹೀಗೆ 32 ಅಂಕಿ. ಯಾವ ಯಂತ್ರಕ್ಕೆ ಹೇಳುತ್ತಿದ್ದೇನೆ, ಏನು ಮಾಡಬೇಕು, ಎರಡೂ ಅದರಲ್ಲೇ ಇರುತ್ತದೆ. ಬಿಸಿಲು, ಟ್ಯೂಬ್ ಲೈಟಿನ ಬೆಳಕಿನ ಜೊತೆ ಬೆರೆಯದಿರಲಿ ಅಂತ ಒಂದೊಂದು ಮಿಂಚೂ ಸೆಕೆಂಡಿಗೆ 38,000 ಸಲ ನಡುಗುತ್ತದೆ. ಸೋನಿಯವರದು 40,000, ಫಿಲಿಪ್ಸ್‌ನವರ ಆರ್‌ಸಿ-5 ಪದ್ಧತಿಯಲ್ಲಿ 36,000.

ಕಲಿಯುವ ರಿಮೋಟಿಗೆ ಇದರ ಅರ್ಥ ಗೊತ್ತಾಗಬೇಕಿಲ್ಲ. ಜೆರಾಕ್ಸ್ ಮೆಷಿನ್ನಿಗೆ ಕನ್ನಡ ಬರುತ್ತದೆಯೇ? ಇಲ್ಲ. ಆದರೂ ಕನ್ನಡದ ಕಾಗದ ಕಾಪಿ ಮಾಡುತ್ತದೆ. ಹಾಗೇ ಇದು. ಆದ್ದರಿಂದ ಮೂಲ ಪ್ರತಿ ಚೆನ್ನಾಗಿರಬೇಕು. ಎರಡೂ ರಿಮೋಟಿಗೆ ಹೊಸ ಸೆಲ್ಲು ಹಾಕಿ. ಮೇಜಿನ ಮೇಲೆ ಮೂತಿಗೆ ಮೂತಿ, ನಡುವೆ ಎರಡು ಬೆರಳಿನಷ್ಟು ಜಾಗ. ಬಿಸಿಲು ಬೀಳದ ಕಡೆ ಕೂತುಕೊಳ್ಳಿ. ಎಷ್ಟು ಹೊತ್ತು ಒತ್ತಬೇಕೆಂದು ರಿಮೋಟಿನ ಜೊತೆ ಬಂದ ಚೀಟಿಯಲ್ಲಿ ಬರೆದಿರುತ್ತದೆ, ಅದನ್ನು ಬಿಸಾಡಬೇಡಿ. ಪ್ರತಿ ಬಟನ್ ಕಲಿಸಿದ ಕೂಡಲೇ ಟಿವಿಗೆ ತೋರಿಸಿ ನೋಡಿ. ನಾವು ಪ್ರೂಫ್ ನೋಡದೆ ಪ್ಲೇಟು ಮಾಡಿಸುವುದಿಲ್ಲ, ನೀವೂ ನಲವತ್ತು ಬಟನ್ ಕಲಿಸಿ ಆಮೇಲೆ ನೋಡಬೇಡಿ.

ಆರ್‌ಸಿ-5ರಲ್ಲಿ ಒಂದು ಕಿತಾಪತಿ ಇದೆ. ಪ್ರತಿ ಸಲ ಹೊಸದಾಗಿ ಒತ್ತಿದಾಗ ಅದರ ಒಂದು ಅಂಕಿ ಅದಲು ಬದಲಾಗುತ್ತದೆ. ಕೈ ಎತ್ತಿ ಮತ್ತೆ ಒತ್ತಿದ್ದೋ, ಒತ್ತಿ ಹಿಡಿದದ್ದೋ ಅಂತ ಯಂತ್ರಕ್ಕೆ ತಿಳಿಯುವುದು ಅದರಿಂದ. ಕಾಪಿ ಮಾಡಿದ ರಿಮೋಟು ಆ ಅಂಕಿ ಬದಲಿಸದಿದ್ದರೆ, ನೀವು 11 ಒತ್ತಿದಾಗ ಯಂತ್ರಕ್ಕೆ ಒಂದೇ 1 ಕಾಣಬಹುದು. ರಿಮೋಟು ಕೆಟ್ಟಿದೆ ಅಂತ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ.

ನನ್ನ ಜಗಳ ಬೇರೆಯೇ ಇತ್ತು. ಟಿವಿ, ಬಾಕ್ಸು, ಡಿವಿಡಿ ಎಲ್ಲ ಕಲಿಸಿ ಮುಗಿಸಿದೆ. ಆಂಪ್ಲಿಫೈಯರಿಗೆ ಬಂದರೆ, ತಂದೆ ಹೆಚ್ಚಾಗಿ ಒತ್ತುತ್ತಿದ್ದ ಸದ್ದು ಏರಿಸುವ ಬಟನ್ನೇ ಸತ್ತಿದೆ. ಬಿಚ್ಚಿ ನೋಡಿದೆ. ಹಳೇ ಸೆಲ್ಲು ಸೋರಿ ಬುಡ ಹಸಿರುಗಟ್ಟಿತ್ತು, ಅದನ್ನು ಉಜ್ಜಿದೆ. ರಬ್ಬರಿನ ತಳದಲ್ಲಿರುವ ಕರಿ ಚುಕ್ಕೆ ಸವೆದುಹೋಗಿತ್ತು. ಆ ಚುಕ್ಕೆಯೇ ಬೋರ್ಡಿನ ಎರಡು ಗೆರೆಗಳನ್ನು ಕೂಡಿಸುವುದು. ಪಟ್ಟಿಯ ರಿಮೋಟು ಆಗಿದ್ದರೆ ಹಳೆಯದು ಸತ್ತರೂ ನಡೆಯುತ್ತಿತ್ತು. ಇದಕ್ಕೆ ಕಲಿಸಲು ಮೇಷ್ಟ್ರು ಬದುಕಿರಬೇಕು! ಅಲ್ಯೂಮಿನಿಯಂ ಫಾಯಿಲಿನಿಂದ ಅಕ್ಕಿಕಾಳಿಗಿಂತ ತುಸು ದೊಡ್ಡ ಚೂರು ಕತ್ತರಿಸಿ, ರಬ್ಬರಿಗೆ ಅಂಟಿಸಿ, ಒಣಗಿಸಿ, ಒತ್ತಿದೆ. ಮೊಬೈಲಿನಲ್ಲಿ ಮಿನುಗಿತು. ತಡಮಾಡದೆ ಕಲಿಸಿಬಿಟ್ಟೆ. ವಾರದಲ್ಲಿ ಆ ಚೂರು ಕಿತ್ತುಬಂತು. ಬರಲಿ, ಕೆಲಸ ಆಗಿತ್ತು. ನಿಮ್ಮ ಮನೆಯ ಹಳೇ ರಿಮೋಟು ಇನ್ನೂ ಉಸಿರಾಡುತ್ತಿದ್ದರೆ ಈ ವಾರವೇ ಕಲಿಸಿ ಅಂತ ನಾನು ಹೇಳುವುದು ಅದಕ್ಕೇ.

ಇನ್ನು ಒಂದೇ ಬಟನ್ನಿಗೆ ಎಲ್ಲ ಕೆಲಸ ಕಟ್ಟುವುದು. ಮ್ಯಾಕ್ರೋ ಅನ್ನುತ್ತಾರೆ. ಒತ್ತಿದರೆ ಟಿವಿ ಆನ್, ಆಂಪ್ಲಿಫೈಯರು ಆನ್, ಇನ್‌ಪುಟ್ ಬದಲಾವಣೆ. ಕಟ್ಟಿ ಅಮ್ಮನಿಗೆ ಕೊಟ್ಟೆ. ಮೊದಲ ದಿನ ಅವರು ಒತ್ತಿದ ಕೂಡಲೇ ರಿಮೋಟು ಕೆಳಗಿಟ್ಟರು. ಅರ್ಧ ಮಾತು ನೆಲಕ್ಕೆ ಹೋಯಿತು. ಅದು ಪೂರ್ತಿ ಹೇಳಿ ಮುಗಿಸುವವರೆಗೆ ಟಿವಿ ಕಡೆಗೇ ಹಿಡಿದಿರಬೇಕು. ಆಂಪ್ಲಿಫೈಯರಿಗೂ ಎಚ್ಚರಾಗಲು ಕೆಲವು ಸೆಕೆಂಡು ಬೇಕು. ಅಷ್ಟರೊಳಗೆ ಹೇಳಿದ್ದು ಅದಕ್ಕೆ ಕೇಳಿಸುವುದಿಲ್ಲ, ನಡುವೆ ಬಿಡುವು ಸೇರಿಸಿದೆ.

ಎರಡನೇ ದಿನ ಇನ್ನೊಂದು. ಟಿವಿ ಮೊದಲೇ ಆನ್ ಇತ್ತು, ಅಮ್ಮ ಒತ್ತಿದರು, ಟಿವಿ ಆರಿತು, ಆಂಪ್ಲಿಫೈಯರು ಹತ್ತಿತು. "ನಿನ್ನ ರಿಮೋಟಿಗೂ ನಿನ್ನ ಥರಾನೇ ತಲೆ ಕೆಟ್ಟಿದೆ" ಅಂದರು. ಟಿವಿಯ ಪವರ್ ಬಟನ್ ಒಂದೇ. ಆರಿದ್ದರೆ ಹಚ್ಚು, ಹಚ್ಚಿದ್ದರೆ ಆರಿಸು, ಅಷ್ಟೇ ಅದರ ಮಾತು. ಮ್ಯಾಕ್ರೋಗೆ ಬೇಕಾದದ್ದು 'ಏನೇ ಇರಲಿ, ಹಚ್ಚು' ಅನ್ನುವ ಬೇರೆ ಮಾತು. ಎಷ್ಟೋ ಯಂತ್ರಗಳಿಗೆ ಆ ಮಾತು ಅರ್ಥವಾಗುತ್ತದೆ, ಆದರೆ ಅದರ ಬಟನ್ನೇ ರಿಮೋಟಿನಲ್ಲಿ ಇರುವುದಿಲ್ಲ. ನಮ್ಮದು ಸೋನಿ ಟಿವಿ. ಅದರ ಸಂಕೇತಗಳಲ್ಲಿ ಪವರ್ 21, ಬರೀ ಆನ್ 46, ಬರೀ ಆಫ್ 47. ಪಕ್ಕದ ಮನೆಯ ಡಿಪ್ಲೊಮಾ ಹುಡುಗ ಆರ್ಡುಯಿನೋ ಬೋರ್ಡಿಗೆ ಒಂದು ಐಆರ್ ಎಲ್‌ಇಡಿ ಕಟ್ಟಿ 46, 47 ಕಳಿಸಿದ, ನಮ್ಮ ರಿಮೋಟು ಅವನಿಂದ ಕಲಿತುಕೊಂಡಿತು. ಅಂಥ ಹುಡುಗರು ಈ ಸಭೆಯಲ್ಲೂ ಇದ್ದೀರಿ. ಅದು ಆಗದಿದ್ದರೂ ದಾರಿ ಇದೆ. ಆರಿದ ಹಲವು ಟಿವಿಗಳು ಚಾನೆಲ್ ನಂಬರು ಒತ್ತಿದರೆ ಹತ್ತಿಕೊಳ್ಳುತ್ತವೆ, ಹತ್ತಿದ್ದರೆ ಆರುವುದಿಲ್ಲ. ಪವರ್ ಬದಲು 1 ಹಾಕಿ ನೋಡಿ. ಆಂಪ್ಲಿಫೈಯರಿನ ರಿಮೋಟಿನಲ್ಲಿ ಆನ್, ಸ್ಟ್ಯಾಂಡ್‌ಬೈ ಬೇರೆ ಬೇರೆ ಇದ್ದವು, ಅಲ್ಲಿ ತೊಂದರೆ ಬರಲಿಲ್ಲ. ಬಾಕ್ಸನ್ನು ಆರಿಸುವುದೇ ಬೇಡ ಅಂತ ಬಿಟ್ಟೆ. ಕರೆಂಟು ಸ್ವಲ್ಪ ದಂಡ, ಒಪ್ಪಿಕೊಂಡೆ.

ಹೊಸ ಸಾಮಾನು ಇರುವವರು ಇಷ್ಟು ಪಾಡು ಪಡಬೇಕಿಲ್ಲ. ಎಚ್‌ಡಿಎಂಐ ಕೇಬಲ್ಲಿನಲ್ಲೇ ಒಂದರ ಆನ್ ಆಫ್ ಇನ್ನೊಂದಕ್ಕೆ ತಿಳಿಯುವ ಸಿಇಸಿ ಅನ್ನುವ ಏರ್ಪಾಡಿದೆ. ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್ ಅಂತ ಹೆಸರು. ಮೆನುವಿನಲ್ಲಿ ಹುಡುಕಿ. ಫೈರ್ ಟಿವಿ ಸ್ಟಿಕ್ಕಿನಂಥವು ಬೆಳಕಿನ ಮಾತೇ ಕೇಳುವುದಿಲ್ಲ, ಅವುಗಳದು ಬ್ಲೂಟೂತ್. ಕಾಪಿ ರಿಮೋಟು ಅಲ್ಲಿ ಕುರುಡು. ಆಪಲ್ ಕಟ್ಟಿದ ಸ್ಟೀವ್ ವೋಜ್ನಿಯಾಕ್ 1987ರಲ್ಲೇ ಕೋರ್ ಅನ್ನುವ ಕಲಿಯುವ ರಿಮೋಟು ಹೊರತಂದಿದ್ದ. ಈ ಕಸುಬಿನಲ್ಲಿ ದೊಡ್ಡ ಹೆಸರಾಗಿದ್ದ ಹಾರ್ಮನಿ ರಿಮೋಟುಗಳ ತಯಾರಿಕೆಯನ್ನು ಲಾಜಿಟೆಕ್ 2021ರಲ್ಲಿ ನಿಲ್ಲಿಸಿತು. ನಮ್ಮ ಹಾಲಿನಲ್ಲಿರುವ ಹಳೇ ಪೆಟ್ಟಿಗೆಗಳಿಗೆ ಆ ಸುದ್ದಿ ತಲುಪಿಲ್ಲ, ಅವು ಇನ್ನೂ ಹಾಡುತ್ತಿವೆ.

ಕೊನೆಗೆ ನನ್ನ ಕಸುಬು. ಹೊಸ ರಿಮೋಟಿನ ಮೇಲೆ ಎಲ್ಲ ಇಂಗ್ಲಿಷು, ಅದೂ ಇರುವೆ ಸಾಲಿನಂತೆ. ಸ್ಟಿಕ್ಕರ್ ಹಾಳೆಯಲ್ಲಿ ದಪ್ಪ ಕನ್ನಡ ಅಕ್ಷರ ಅಚ್ಚು ಹಾಕಿ, ಬೆವರಿಗೆ ಅಳಿಸದಿರಲಿ ಅಂತ ಲ್ಯಾಮಿನೇಷನ್ ಮಾಡಿ ಅಂಟಿಸಿದೆ. 'ಧ್ವನಿ ಹೆಚ್ಚಳ', 'ಧ್ವನಿ ಇಳಿಕೆ'. ಅಮ್ಮ ಓದಿ ನಕ್ಕರು. "ಇದು ಯಾರ ಮನೆ ಮಾತೋ? ಜೋರು ಅಂತ ಹಾಕು, ಮೆಲ್ಲ ಅಂತ ಹಾಕು." ಕಿತ್ತು ಮತ್ತೆ ಅಚ್ಚು ಹಾಕಿದೆ. ಈಗ ಅದರ ಮೇಲೆ ಇರುವುದು ಐದೇ ಮಾತು: ಟಿವಿ, ಹಾಡು, ಜೋರು, ಮೆಲ್ಲ, ಎಲ್ಲಾ ಆರಿಸು. ಚಾನೆಲ್ ನಂಬರುಗಳು ಹೇಗೂ ಅವರಿಗೆ ಬಾಯಿಪಾಠ. ಬೇಡದ ಬಟನ್ನುಗಳ ಮೇಲೆ ಕರೀ ಟೇಪು.

ಆ ಹಾಳೆಯಲ್ಲಿ ಒಂದಷ್ಟು ಮಿಕ್ಕಿವೆ, ಹಿಂದಿನ ಬೆಂಚಿನ ಮೇಲೆ ಇಟ್ಟಿದ್ದೇನೆ. ಬೇಕಾದವರು ಒಯ್ಯಿರಿ. ನಿಮ್ಮ ಮನೆಯಲ್ಲಿ ಬೇರೆ ಮಾತು ಇದ್ದರೆ ಚೀಟಿಯಲ್ಲಿ ಬರೆದುಕೊಡಿ, ಬರುವ ಭಾನುವಾರ ಅಚ್ಚು ಹಾಕಿ ತರುತ್ತೇನೆ.