ಜಾವಾ: ಒಂದು ಹೆಸರು, ಒಂದು ಎಂಜಿನ್



ನನ್ನ ಬಾಲ್ಯದಲ್ಲಿ ಬೇತಮಂಗಲದ ರಸ್ತೆಯಲ್ಲಿ ದೂರದಿಂದ ಸದ್ದು ಕೇಳಿದೊಡನೆ ‘ಜಾವಾ ಬಂತು’ ಎನ್ನುತ್ತಿದ್ದೆವು. ಗಾಡಿ ಹೋದ ಮೇಲೂ ನೀಲಿ ಹೊಗೆ ನಿಂತಿರುತ್ತಿತ್ತು. ಆ ಹೆಸರು ಎಲ್ಲಿಂದ ಬಂತು? ಆ ಹೊಗೆ ಏಕೆ? ಇಂದು ಈ ಎರಡು ಪ್ರಶ್ನೆಗಳನ್ನು ನೋಡೋಣ.

ಜರ್ಮನಿಯ ಕೆಮ್ನಿಟ್ಸ್ ನಗರದಲ್ಲಿ ಸೈಕಲ್ ತಯಾರಿಸುತ್ತಿದ್ದ ವಾಂಡರರ್ ಎಂಬ ಕಂಪನಿ 1902ರಲ್ಲಿ ಮೋಟಾರ್ ಸೈಕಲ್ ತಯಾರಿಕೆಗೆ ಇಳಿಯಿತು. ಶಿವನಸಮುದ್ರದ ವಿದ್ಯುತ್ತು ನಮ್ಮ ಕೋಲಾರ ಚಿನ್ನದ ಗಣಿಗಳಿಗೆ ಬಂದದ್ದೂ ಅದೇ ವರ್ಷ. ಇಂದು ವಾಂಡರರ್ ಹೆಸರು ಬಲ್ಲವರು ವಿರಳ. 1929ರಲ್ಲಿ ಪ್ರಾಗ್‌ನ ಉದ್ಯಮಿ ಫ್ರಾಂಟಿಶೆಕ್ ಯಾನೆಚೆಕ್ ಅದರ 500 ಸಿ.ಸಿ. ಗಾಡಿಯ ತಯಾರಿಕೆಯ ಹಕ್ಕನ್ನು ಕೊಂಡರು. ತಮ್ಮ ಹೆಸರಿನ ‘ಯಾ’, ವಾಂಡರರ್‌ನ ‘ವಾ’ ಕೂಡಿಸಿ ‘ಯಾವಾ’ ಎಂದು ಹೆಸರಿಟ್ಟರು. ಅದೇ ನಮ್ಮಲ್ಲಿ ‘ಜಾವಾ’ ಆಯಿತು.

ಆ ಮೊದಲ ಗಾಡಿ ಭಾರವಾಗಿತ್ತು, ದುಬಾರಿಯೂ ಆಗಿತ್ತು. ಯಾನೆಚೆಕ್ ಅದಕ್ಕೇ ಅಂಟಿಕೊಳ್ಳಲಿಲ್ಲ. 1932ರಲ್ಲಿ ಇಂಗ್ಲೆಂಡಿನ ವಿಲಿಯರ್ಸ್ ಎಂಜಿನ್ ಬಳಸಿ 175 ಸಿ.ಸಿ.ಯ ಅಗ್ಗದ ಗಾಡಿ ತಂದರು. ಅದು ಜನರ ಕೈಗೆಟುಕಿತು. ಆ ಎಂಜಿನ್ ಟೂ ಸ್ಟ್ರೋಕ್ ಮಾದರಿಯದು.

ಟೂ ಸ್ಟ್ರೋಕ್ ಎಂದರೇನು? ಪಿಸ್ಟನ್ ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿಯುವಷ್ಟರಲ್ಲಿ ಎಂಜಿನ್ನಿನ ಒಂದು ಆವರ್ತನ ಮುಗಿಯುತ್ತದೆ. ಫೋರ್ ಸ್ಟ್ರೋಕ್‌ಗೆ ಇದರ ಎರಡರಷ್ಟು ಚಲನೆ ಬೇಕು. ಇಂಥ ಗಾಡಿಗಳ ಎಂಜಿನ್ನಿನಲ್ಲಿ ವಾಲ್ವ್‌ಗಳ ಗೋಜಿಲ್ಲ, ಭಾಗಗಳು ಕಡಿಮೆ. ಹಳ್ಳಿಯ ಮೆಕ್ಯಾನಿಕ್ ಕೂಡ ಮರದ ನೆರಳಿನಲ್ಲಿ ಬಿಚ್ಚಿ ಜೋಡಿಸಬಹುದು. ಆದರೆ ಪೆಟ್ರೋಲಿಗೆ ಬೆರೆಸಿದ ಆಯಿಲ್ ಕೂಡ ಒಳಗೇ ಉರಿಯುತ್ತದೆ. ಹೊಸದಾಗಿ ಒಳಬಂದ ಇಂಧನದ ಒಂದು ಪಾಲು ಉರಿಯದೆಯೇ ಹೊಗೆಯೊಡನೆ ಹೊರಹೋಗುತ್ತದೆ. ಸರಳತೆಗೆ ನಾವು ತೆತ್ತ ಬೆಲೆಯೇ ಆ ನೀಲಿ ಹೊಗೆ.

1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಸಂಸ್ಥೆ ಹುಟ್ಟಿತು. ಚೆಕೊಸ್ಲೊವಾಕಿಯಾದ ತಂತ್ರಜ್ಞಾನದಿಂದ ಯಾದವಗಿರಿಯ ಕಾರ್ಖಾನೆಯಲ್ಲಿ 250 ಸಿ.ಸಿ. ಗಾಡಿಗಳು ತಯಾರಾದವು. ಒಂದೇ ಲಿವರ್ ಕಿಕ್ಕರ್ ಕೆಲಸವನ್ನೂ ಗೇರಿನ ಕೆಲಸವನ್ನೂ ಮಾಡುತ್ತಿತ್ತು! 1973ರಿಂದ ಹೆಸರು ಯೆಜ್ಡಿ ಎಂದಾಯಿತು. ಹೊಸ ಮಾದರಿಗಳು ಬಂದವು. ಟೂ ಸ್ಟ್ರೋಕ್ ಮಾತ್ರ ಹಾಗೆಯೇ ಉಳಿಯಿತು.

ಅಷ್ಟರಲ್ಲಿ ಕಾಲ ಬದಲಾಯಿತು. 1985ರಲ್ಲಿ ಹೀರೋ ಹೋಂಡಾದ 100 ಸಿ.ಸಿ. ಫೋರ್ ಸ್ಟ್ರೋಕ್ ಗಾಡಿ ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡಿ ತೋರಿಸಿತು. 1991ರಲ್ಲಿ ಹೊಗೆಗೆ ಕಾನೂನಿನ ಮಿತಿ ಬಂತು; 1996ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು. ಹಲವು ಕಾರಣಗಳು ಕೂಡಿ, ಅದೇ ವರ್ಷ ಮೈಸೂರಿನ ಕಾರ್ಖಾನೆ ಮುಚ್ಚಿತು. ಕೆಲಸದ ಸೈರನ್ ನಿಂತರೆ ಮನೆಮನೆಗಳಲ್ಲಿ ಏನಾಗುತ್ತದೆಂದು 2001ರಲ್ಲಿ ಗಣಿ ಮುಚ್ಚಿದ್ದನ್ನು ಕಂಡ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಜಾವಾ ಹೆಸರು 2018ರಲ್ಲಿ, ಯೆಜ್ಡಿ 2022ರಲ್ಲಿ ಮರಳಿ ಬಂದವು. ಎಂಜಿನ್ ಮಾತ್ರ ಫೋರ್ ಸ್ಟ್ರೋಕ್, ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ಹಿಂತಿರುಗಿತು, ಮೈಸೂರಿನವರ ಕೆಲಸ ಹಿಂತಿರುಗಲಿಲ್ಲ.

ಮಿತ್ರರೇ, ಯಾನೆಚೆಕ್ ಮೂರೇ ವರ್ಷಗಳಲ್ಲಿ ದಾರಿ ಬದಲಿಸಿದ್ದನ್ನು ನೆನಪಿಡಿ. ಯಂತ್ರವನ್ನು ಪ್ರೀತಿಸುವುದು ಒಳ್ಳೆಯದೇ. ಅದರ ದೋಷವನ್ನು ಇತರರಿಗಿಂತ ಮೊದಲು ನಾವೇ ಕಾಣುವುದು ಇನ್ನೂ ಒಳ್ಳೆಯದು. ನಿಮ್ಮೂರಿನ ಗ್ಯಾರೇಜಿನಲ್ಲಿ ಹಳೆಯ ಜಾವಾ ಬಿಚ್ಚಿಟ್ಟಿದ್ದರೆ, ಮೆಕ್ಯಾನಿಕ್ ಅಣ್ಣನ ಪಕ್ಕ ಸ್ವಲ್ಪ ಹೊತ್ತು ಕುಳಿತು ನೋಡಿ. ಪಾಠ ಅಲ್ಲಿಯೂ ಇದೆ.