ಒಂದೇ ಕೈಗೆ ಒಲಿಯುವ ಡಬ್ಬಿ

ದಿನಬಳಕೆಯ ವಸ್ತುಗಳ ಹಿಂದಿನ ವಿಜ್ಞಾನವನ್ನು ತಿಳಿಸುವ ಈ ಮಾಲಿಕೆಯಲ್ಲಿ ಇವತ್ತು ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯ ವಿಚಾರ. ವೆಟ್ ವೈಪ್ಸ್ ಅನ್ನುತ್ತಾರಲ್ಲ, ಮಗುವನ್ನು ಒರೆಸುವ ಒದ್ದೆ ಹಾಳೆಗಳು, ಅವನ್ನು ಇಡುವ ಡಬ್ಬಿ. ಔಷಧದಂಗಡಿಗಳಲ್ಲಿ ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಮುಚ್ಚಳ ತೆಗೆದು ಒಂದು ಹಾಳೆ ಎಳೆದುಕೊಳ್ಳುವುದರಲ್ಲಿ ಹೇಳುವಂಥದ್ದು ಏನಿದೆ ಅನ್ನಿಸಬಹುದು. ಎರಡೂ ಕೈ ಬಿಡುವಾಗಿದ್ದರೆ ಏನೂ ಇಲ್ಲ. ಒಂದೇ ಕೈ ಬಿಡುವಿದ್ದಾಗ ಮಾತ್ರ ಆ ಡಬ್ಬಿಯ ಯೋಗ್ಯತೆ ಗೊತ್ತಾಗುತ್ತದೆ.

ಈ ಹಾಳೆ ಬೇಕಾಗುವ ಹೊತ್ತನ್ನು ನೆನೆಸಿಕೊಳ್ಳಿ. ಮಗುವಿನ ಡೈಪರ್ ಬದಲಿಸುವಾಗ ತಾಯಿಯ ಎಡಗೈ ಮಗುವಿನ ಎರಡೂ ಕಾಲುಗಳನ್ನು ಸೇರಿಸಿ ಮೇಲೆತ್ತಿ ಹಿಡಿದಿರುತ್ತದೆ. ಆ ಕೈಯನ್ನು ಬಿಡುವಂತಿಲ್ಲ. ಬಿಟ್ಟರೆ ಕಾಲು ಹೊಲಸಿಗೆ ತಾಗುತ್ತದೆ. ಮಗುಚಿಕೊಳ್ಳಲು ಕಲಿತ ಮಗುವಾದರೆ ಮಂಚದಿಂದ ಉರುಳೀತು. ಹಾಸಿಗೆ ಹಿಡಿದ ಹಿರಿಯರನ್ನು ಪಕ್ಕಕ್ಕೆ ಹೊರಳಿಸಿ ಬೆನ್ನು ಒರೆಸುವ ನರ್ಸಿನ ಒಂದು ಕೈ ರೋಗಿಯ ಹೆಗಲ ಮೇಲೇ ಇರಬೇಕು. ಲಕ್ವ ಹೊಡೆದು ಒಂದು ಕೈ ಸ್ವಾಧೀನ ತಪ್ಪಿದವರು, ಕೈ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರು, ಹುಟ್ಟಿನಿಂದಲೇ ಒಂದು ಕೈ ಇಲ್ಲದವರು, ಇವರೆಲ್ಲರಿಗೂ ಬಿಡುವಿರುವುದು ಒಂದೇ ಕೈ. ಅಂದರೆ ಈ ಹಾಳೆಯನ್ನು ಹೆಚ್ಚಾಗಿ ಬಳಸುವುದೇ ಒಂಟಿ ಕೈಯಲ್ಲಿ. ಹಾಗಿದ್ದೂ ನಮ್ಮ ಅಂಗಡಿಗಳಲ್ಲಿ ಸಿಗುವ ಎಷ್ಟೋ ಪೊಟ್ಟಣಗಳು ಎರಡು ಕೈ ಕೇಳುತ್ತವೆ.

ಈ ಹಾಳೆಯ ಚರಿತ್ರೆ ಬಹಳ ಹಳೆಯದಲ್ಲ. ಅಮೆರಿಕದ ಆರ್ಥರ್ ಜೂಲಿಯಸ್ ಎಂಬುವರು 1957ರ ಸುಮಾರಿಗೆ ವೆಟ್-ನ್ಯಾಪ್ ಎಂಬ ಹೆಸರಿನಲ್ಲಿ ಇದನ್ನು ತಂದರು. ಅದು ಡಬ್ಬಿಯಲ್ಲಿ ಇರಲಿಲ್ಲ. ಒಂದು ಪುಟ್ಟ ಪೊಟ್ಟಣದಲ್ಲಿ ಒಂದೇ ಹಾಳೆ. 1960ರ ದಶಕದಲ್ಲಿ ಕೆಂಟಕಿ ಫ್ರೈಡ್ ಚಿಕನ್ ಹೋಟೆಲುಗಳು ಗಿರಾಕಿಗಳಿಗೆ ಇದನ್ನು ಕೊಡತೊಡಗಿದ ಮೇಲೆ ಹೆಸರಾಯಿತು. ಊಟ ಮುಗಿಸಿ ಆರಾಮವಾಗಿ ಕೂತವರಿಗೆ ಎರಡೂ ಕೈ ಬಿಡುವು. ಪೊಟ್ಟಣ ಹರಿಯುವುದು ಕಷ್ಟವಲ್ಲ. ಅದೇ ಹಾಳೆ ಮುಂದೆ ತೊಟ್ಟಿಲ ಪಕ್ಕಕ್ಕೂ ಆಸ್ಪತ್ರೆಯ ವಾರ್ಡಿಗೂ ಬಂದಾಗ ಸಮಸ್ಯೆ ಶುರುವಾಯಿತು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಡಬ್ಬಿಯಿಂದ ಹಾಳೆ ತೆಗೆಯುವಾಗ ನಮ್ಮ ಎರಡನೆಯ ಕೈ ಏನು ಮಾಡುತ್ತಿರುತ್ತದೆ? ಗಮನಿಸಿ ನೋಡಿದರೆ ಮೂರು ಕೆಲಸ. ಮುಚ್ಚಳ ಎತ್ತುವಾಗ ಡಬ್ಬಿ ಮಗುಚದಂತೆ ಹಿಡಿಯುತ್ತದೆ. ಹಾಳೆ ಎಳೆಯುವಾಗ ಡಬ್ಬಿ ಮೇಲೇಳದಂತೆ ಒತ್ತುತ್ತದೆ. ಒಂದರ ಹಿಂದೆ ನಾಲ್ಕು ಹಾಳೆ ಬಂದರೆ ಅವನ್ನು ಬಿಡಿಸುತ್ತದೆ. ಆ ಕೈ ಇಲ್ಲದಿದ್ದರೂ ಈ ಮೂರು ಕೆಲಸ ಆಗಲೇಬೇಕು. ಆದ್ದರಿಂದ ಅವನ್ನು ಡಬ್ಬಿಯೇ ವಹಿಸಿಕೊಳ್ಳಬೇಕು. ವಿನ್ಯಾಸಕಾರನ ಕೆಲಸವೆಲ್ಲ ಇಷ್ಟೇ.

ಮೊದಲು ಮುಚ್ಚಳ. ಅಗ್ಗದ ಪೊಟ್ಟಣಗಳಲ್ಲಿ ಮುಚ್ಚಳವೇ ಇರುವುದಿಲ್ಲ, ಅಂಟಿನ ಪಟ್ಟಿ ಇರುತ್ತದೆ. ಪಟ್ಟಿಯ ತುದಿಯನ್ನು ಉಗುರಿನಿಂದ ಎಬ್ಬಿಸಿ ಎಳೆಯಬೇಕು. ಎಳೆದರೆ ಪೊಟ್ಟಣವೇ ಜೊತೆಗೆ ಬರುತ್ತದೆ. ನಾಲ್ಕಾರು ದಿನ ಕಳೆದರೆ ಒಳಗಿನ ದ್ರಾವಣ ತಾಗಿ ಅಂಟು ಸತ್ತುಹೋಗುತ್ತದೆ. ಆಮೇಲೆ ಮುಚ್ಚಿಕೊಳ್ಳುವುದೂ ಇಲ್ಲ, ಹಾಳೆಗಳು ಒಣಗಿಹೋಗುತ್ತವೆ.

ಮುಚ್ಚಳವಿರುವ ಡಬ್ಬಿಗಳಲ್ಲಿ ಸಾಮಾನ್ಯವಾದದ್ದು, ಮುಂದಿನ ಅಂಚನ್ನು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿ ತೆರೆಯುವ ಬಗೆ. ಇಲ್ಲಿ ಬಲ ಯಾವ ಕಡೆಗೆ ಹೋಗುತ್ತದೆ ನೋಡಿ. ನೀವು ಮೇಲಕ್ಕೆ ತಳ್ಳುತ್ತೀರಿ, ಮುಚ್ಚಳ ಕಚ್ಚಿಕೊಂಡಿದೆ, ಅದು ಬಿಡುವ ಮುಂಚೆಯೇ ಡಬ್ಬಿಯ ಮುಂಭಾಗ ಎದ್ದು ಡಬ್ಬಿ ಹಿಂದಕ್ಕೆ ವಾಲುತ್ತದೆ. ಇದಕ್ಕೆ ಉಪಾಯ ಬಲದ ದಿಕ್ಕನ್ನೇ ಬದಲಿಸುವುದು. ಮೇಲೆ ಒಂದು ಗುಂಡಿ, ಒಳಗೆ ಒಂದು ಕೊಕ್ಕೆ, ಬಿಜಾಗರಿಯ ಹತ್ತಿರ ಒಂದು ಸ್ಪ್ರಿಂಗ್. ಗುಂಡಿಯನ್ನು ಕೆಳಕ್ಕೆ ಒತ್ತಿದರೆ ಕೊಕ್ಕೆ ಬಿಡುತ್ತದೆ, ಸ್ಪ್ರಿಂಗ್ ಮುಚ್ಚಳವನ್ನು ಎತ್ತಿ ಹಿಡಿಯುತ್ತದೆ. ಇಲ್ಲಿ ನಿಮ್ಮ ಬಲ ಡಬ್ಬಿಯನ್ನು ಮೇಜಿಗೇ ಒತ್ತುತ್ತದೆ. ತೆರೆಯುವ ಬಲವೇ ಹಿಡಿಯುವ ಬಲವೂ ಆಯಿತು. ಎರಡನೆಯ ಕೈಯ ಮೊದಲನೆಯ ಕೆಲಸ ಹೀಗೆ ತಪ್ಪುತ್ತದೆ.

ಆದರೆ ಗುಂಡಿ ಎಂಥದ್ದಿರಬೇಕು? ನಮ್ಮ ಮನೆಗಳಲ್ಲಿ ಎಳೆಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಾರೆ. ಎಣ್ಣೆಗೈಗೆ ನುಣುಪಾದ ಸಣ್ಣ ಗುಂಡಿ ಜಾರುತ್ತದೆ. ಗುಂಡಿ ಅಗಲವಾಗಿರಬೇಕು, ಸ್ವಲ್ಪ ತಗ್ಗಾಗಿರಬೇಕು, ಮೇಲ್ಮೈ ಒರಟಾಗಿರಬೇಕು. ಬೆರಳೇ ಬೇಕೆಂದಿಲ್ಲ, ಅಂಗೈಯ ಬುಡದಿಂದಲೋ ಮೊಣಕೈಯಿಂದಲೋ ಒತ್ತಿದರೂ ತೆರೆಯಬೇಕು. ಅಮೆರಿಕದಲ್ಲಿ ಅಂಗವಿಕಲರ ಅನುಕೂಲಕ್ಕಾಗಿ 2010ರಲ್ಲಿ ಪರಿಷ್ಕರಿಸಿದ ಕಟ್ಟಡ ಮಾನದಂಡವೊಂದಿದೆ. ಬಾಗಿಲ ಹಿಡಿ, ನಲ್ಲಿ, ಸ್ವಿಚ್ಚುಗಳಂಥವು ಒಂದೇ ಕೈಯಲ್ಲಿ ನಡೆಯಬೇಕು. ಬಿಗಿಯಾಗಿ ಹಿಡಿಯುವ, ಚಿವುಟುವ, ಮಣಿಕಟ್ಟು ತಿರುಚುವ ಅಗತ್ಯ ಇರಬಾರದು. ಬೇಕಾಗುವ ಬಲ 5 ಪೌಂಡ್ ಅಂದರೆ ಸುಮಾರು 2.3 ಕಿಲೋ ತೂಕವನ್ನು ಮೀರಬಾರದು ಎನ್ನುತ್ತದೆ ಅದು. ಡಬ್ಬಿಗೆಂದು ಮಾಡಿದ ನಿಯಮವಲ್ಲ, ಆದರೂ ಡಬ್ಬಿ ಮಾಡುವವರಿಗೆ ಇದಕ್ಕಿಂತ ಸ್ಪಷ್ಟವಾದ ಅಳತೆಗೋಲು ಬೇಕಿಲ್ಲ.

ಎರಡನೆಯದು, ಡಬ್ಬಿ ಮೇಲೇಳದಂತೆ ತಡೆಯುವುದು. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಂದು ಒದ್ದೆ ಹಾಳೆ 5 ಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳಿ. 80 ಹಾಳೆಗೆ 400 ಗ್ರಾಂ. ಖಾಲಿ ಡಬ್ಬಿ 100 ಗ್ರಾಂ. ಒಟ್ಟು ಅರ್ಧ ಕಿಲೋ. ಕಿಂಡಿಯಿಂದ ಹಾಳೆಯನ್ನು ನೇರ ಮೇಲಕ್ಕೆ ಎಳೆಯಲು 200 ಗ್ರಾಂ ತೂಕ ಎತ್ತುವಷ್ಟು ಬಲ ಬೇಕು ಅನ್ನೋಣ. ಮೊದಲ ದಿನ ಡಬ್ಬಿ ಜಗ್ಗುವುದಿಲ್ಲ. ದಿನ ಕಳೆದಂತೆ ಹಗುರಾಗುತ್ತದೆ. 20 ಹಾಳೆ ಉಳಿದಾಗ ಅದರ ಒಟ್ಟು ತೂಕ ಬರೀ 200 ಗ್ರಾಂ. ಅಲ್ಲಿಂದ ಮುಂದೆ ಹಾಳೆ ಎಳೆದರೆ ಡಬ್ಬಿಯೂ ಎದ್ದು ಬರುತ್ತದೆ. ಅಂಗಡಿಯಲ್ಲಿ ಚೆನ್ನಾಗಿ ಕಂಡ ಡಬ್ಬಿ ಮನೆಯಲ್ಲಿ ಕೊನೆಗೆ ಕೈಕೊಡುವುದು ಇದರಿಂದ. ತುಂಬಿದ ಡಬ್ಬಿಯನ್ನು ಮಾತ್ರ ಪರೀಕ್ಷಿಸಿದವರಿಗೆ ಈ ದೋಷ ಕಾಣುವುದೇ ಇಲ್ಲ.

ತಳಕ್ಕೆ ರಬ್ಬರ್ ಅಂಟಿಸಿದರೆ ಸಾಕು ಎಂದು ಹಲವರು ಭಾವಿಸುತ್ತಾರೆ. ರಬ್ಬರ್ ಡಬ್ಬಿಯನ್ನು ಪಕ್ಕಕ್ಕೆ ಜಾರದಂತೆ ತಡೆಯುತ್ತದೆ, ಮೇಲಕ್ಕೆ ಏಳದಂತೆ ತಡೆಯುವುದಿಲ್ಲ. ಮೇಲಕ್ಕೆಳೆಯುವ ಬಲಕ್ಕೆ ಉತ್ತರ ಮೂರು: ತಳದಲ್ಲಿ ತೂಕ ಸೇರಿಸಬೇಕು, ಹೀರುಬಟ್ಟಲಿನಿಂದ ಮೇಜಿಗೆ ಅಂಟಿಸಬೇಕು, ಇಲ್ಲವೇ ಗೋಡೆಗೆ ಬಿಗಿಯಬೇಕು. ಆಸ್ಪತ್ರೆಗೆ ಗೋಡೆಯ ದಾರಿ ಸರಿ. ಕೋಣೆಯಿಂದ ಕೋಣೆಗೆ ಓಡಾಡುವ ಮನೆಯ ಡಬ್ಬಿಗೆ ತೂಕದ ದಾರಿಯೇ ಸರಿ. ನಾಲ್ಕನೆಯದೂ ಒಂದಿದೆ: ಎಳೆತವನ್ನೇ ಕಡಿಮೆ ಮಾಡುವುದು. ಕಿಂಡಿಯ ಅಂಚು ಗಡಸು ಪ್ಲಾಸ್ಟಿಕ್ಕಿನ ಬದಲು ಮೆತ್ತನೆಯ ಸಿಲಿಕೋನಿನದಾದರೆ ಅದು ಬಾಗಿ ದಾರಿ ಬಿಡುತ್ತದೆ, ಹಾಳೆ ಸಲೀಸಾಗಿ ಬರುತ್ತದೆ.

ಮೂರನೆಯ ಕೆಲಸ ಎಲ್ಲಕ್ಕಿಂತ ಸೂಕ್ಷ್ಮ. ಬೇಕಾದದ್ದು ಒಂದೇ ಹಾಳೆ, ಆದರೆ ಮುಂದಿನದರ ತುದಿಯೂ ಹೊರಗೆ ಇಣುಕಬೇಕು. ಮುಖ ಒರೆಸುವ ಒಣ ಕಾಗದದ ಪೆಟ್ಟಿಗೆಯಲ್ಲಿ ಈ ಉಪಾಯ 1920ರ ದಶಕದಲ್ಲೇ ಬಂದಿತ್ತು. ಹಾಳೆಗಳನ್ನು ಒಂದರ ಮಡಿಕೆಯೊಳಗೆ ಇನ್ನೊಂದರ ಮಡಿಕೆ ಸೇರಿಸಿ ಅಡಕುತ್ತಾರೆ. ಮೇಲಿನದನ್ನು ಎಳೆದಾಗ ಕೆಳಗಿನದರ ತುದಿ ಅದರ ಜೊತೆ ಕಿಂಡಿಯವರೆಗೆ ಬಂದು ನಿಲ್ಲುತ್ತದೆ. ಒಣ ಕಾಗದದಲ್ಲಿ ಇದು ಸುಲಭ. ಒದ್ದೆ ಹಾಳೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಜೊತೆಗೆ ದ್ರಾವಣ ದಿನೇದಿನೇ ತಳಕ್ಕೆ ಇಳಿಯುವುದರಿಂದ ಮೇಲಿನವು ಒಣಕಲಾಗಿ, ಕೆಳಗಿನವು ತೊಯ್ದು ತೊಪ್ಪೆಯಾಗಿರುತ್ತವೆ. ಹೆಚ್ಚು ತೊಯ್ದಷ್ಟೂ ಹೆಚ್ಚು ಅಂಟು. ಆಗ ಒಂದನ್ನು ಎಳೆದರೆ ಗೊಂಚಲೇ ಬರುತ್ತದೆ. ಕಿಂಡಿಯನ್ನು ಕಿರಿದು ಮಾಡಿದರೆ ಗೊಂಚಲು ತಡೆಯುತ್ತದೆ, ಆದರೆ ಎಳೆತ ಹೆಚ್ಚುತ್ತದೆ. ಹಿರಿದು ಮಾಡಿದರೆ ಎಳೆತ ಇಳಿಯುತ್ತದೆ, ಆದರೆ ಮುಂದಿನ ಹಾಳೆಯ ತುದಿ ನಿಲ್ಲದೆ ಒಳಕ್ಕೆ ಬೀಳುತ್ತದೆ. ಒಳಕ್ಕೆ ಬಿದ್ದರೆ ಮುಚ್ಚಳವನ್ನೇ ಕಳಚಿ ಕೈ ಹಾಕಬೇಕು. ಅದಕ್ಕೆ ಎರಡು ಕೈ ಬೇಕೇ ಬೇಕು.

ಇನ್ನೊಂದು ತೊಡಕು, ಹಾಳೆಗಳು ಮುಗಿಯುತ್ತ ಬಂದಂತೆ ಅಡಕಿನ ಮೇಲ್ಭಾಗ ಕಿಂಡಿಯಿಂದ ದೂರ ಸರಿಯುತ್ತದೆ. ಅಡಕು ಸಡಿಲವಾಗಿ ಇಡೀ ರಾಶಿಯೇ ಮೇಲೆದ್ದು ಬರುವುದೂ ಉಂಟು. ಇದಕ್ಕೆ ಆಕ್ಸೊ ಎಂಬ ಕಂಪನಿಯ ಡಬ್ಬಿಯಲ್ಲಿ ಒಂದು ಚೆಂದದ ಪರಿಹಾರವಿದೆ. ಹಾಳೆಗಳ ಮೇಲೆ ತೂಕದ ಒಂದು ಹಲಗೆಯನ್ನು ಇಟ್ಟಿರುತ್ತಾರೆ, ಭರಣಿಯಲ್ಲಿ ಮಾವಿನಮಿಡಿಯ ಮೇಲೆ ಕಲ್ಲು ಹೇರಿದಂತೆ. ಹಲಗೆಯ ನಡುವೆ ಕಿಂಡಿ. ಹಾಳೆಗಳು ಕಡಿಮೆಯಾದಂತೆ ಹಲಗೆಯೂ ಇಳಿಯುತ್ತದೆ, ಆದ್ದರಿಂದ ಕಿಂಡಿಗೂ ಹಾಳೆಗೂ ಅಂತರ ಬೆಳೆಯುವುದೇ ಇಲ್ಲ. ರಾಶಿ ಏಳದಂತೆ ಒತ್ತುವುದು, ಒಂದೊಂದೇ ಬಿಡುವುದು, ಡಬ್ಬಿಗೆ ತೂಕ ಕೊಡುವುದು, ಮೂರೂ ಕೆಲಸ ಒಂದೇ ಹಲಗೆಯಿಂದ.

ಇದೇ ಆಕ್ಸೊ ಕಂಪನಿ ಹುಟ್ಟಿದ ಕಥೆಯನ್ನೂ ಹೇಳಬೇಕು. ಸ್ಯಾಮ್ ಫಾರ್ಬರ್ ಎಂಬ ಉದ್ಯಮಿಯ ಹೆಂಡತಿ ಬೆಟ್ಸಿಗೆ ಕೈಬೆರಳುಗಳ ಸಂಧಿವಾತ. ತರಕಾರಿ ಹೆರೆಯುವ ಸಾಧನವನ್ನು ಹಿಡಿಯುವುದೇ ಆಕೆಗೆ ನೋವು. ದಪ್ಪ, ಮೆದು ಹಿಡಿಯ ಸಾಧನಗಳನ್ನು ಫಾರ್ಬರ್ 1990ರಲ್ಲಿ ಮಾರುಕಟ್ಟೆಗೆ ಬಿಟ್ಟರು. ನೋವಿದ್ದವರಿಗೆಂದು ಯೋಚಿಸಿದ್ದು ನೋವಿಲ್ಲದವರಿಗೂ ಹಿಡಿಸಿತು. ಅಮೆರಿಕದ ವಾಸ್ತುಶಿಲ್ಪಿ ರೊನಾಲ್ಡ್ ಮೇಸ್ ಈ ಬಗೆಯ ಚಿಂತನೆಗೆ ಸಾರ್ವತ್ರಿಕ ವಿನ್ಯಾಸ ಎಂಬ ಹೆಸರನ್ನು ಬಳಕೆಗೆ ತಂದವರು. ಬಾಲ್ಯದಲ್ಲೇ ಪೋಲಿಯೊ ಆಗಿ ಗಾಲಿಕುರ್ಚಿ ಬಳಸುತ್ತಿದ್ದವರು ಅವರು. ಅವರೂ ಸಂಗಡಿಗರೂ ಸೇರಿ 1997ರಲ್ಲಿ ರೂಪಿಸಿದ 7 ಸೂತ್ರಗಳಲ್ಲಿ ಒಂದು, ಕಡಿಮೆ ಶ್ರಮದಲ್ಲಿ ಕೆಲಸ ಆಗಬೇಕು ಎಂಬುದು. ಇನ್ನೊಂದು, ಬಳಸುವವರು ತಪ್ಪು ಮಾಡಿದರೂ ಅನಾಹುತ ಆಗಬಾರದು ಎಂಬುದು.

ಮುಚ್ಚಳ ಮುಚ್ಚುವ ವಿಷಯಕ್ಕೂ ಬರೋಣ. ಗಾಳಿ ಆಡಿದರೆ ಹಾಳೆ ಒಣಗುತ್ತದೆ, ಆದ್ದರಿಂದ ಮುಚ್ಚಳದ ಸುತ್ತ ರಬ್ಬರಿನಂಥ ಪಟ್ಟಿ ಬೇಕು. ಪಟ್ಟಿ ಬಿಗಿಯಾದಷ್ಟೂ ತೇವ ಉಳಿಯುತ್ತದೆ, ತೆರೆಯುವುದು ಮಾತ್ರ ಕಷ್ಟವಾಗುತ್ತದೆ. ಒಳ್ಳೆಯ ಡಬ್ಬಿಯಲ್ಲಿ ಮುಚ್ಚಳವನ್ನು ಮೇಲಿನಿಂದ ಅಂಗೈಯಲ್ಲಿ ಒಮ್ಮೆ ಒತ್ತಿದರೆ ಸಾಕು, ಟಕ್ ಎಂಬ ಸದ್ದಿನೊಡನೆ ಕೂರುತ್ತದೆ. ಆ ಸದ್ದು ಬೇಕು. ಕಣ್ಣು ಮಗುವಿನ ಮೇಲಿರುವಾಗ ಡಬ್ಬಿ ಮುಚ್ಚಿದೆಯೋ ಇಲ್ಲವೋ ಎಂದು ಕಿವಿಗೆ ತಿಳಿಯಬೇಕು. ಇನ್ನು ಹೊಸ ಹಾಳೆ ತುಂಬುವುದು ವಾರಕ್ಕೋ ಹದಿನೈದು ದಿನಕ್ಕೋ ಬರುವ ಕೆಲಸ. ಮಗುವಿನ ಮನೆಯಲ್ಲಿ ಅದನ್ನು ಪುರುಸೊತ್ತಿನಲ್ಲಿ ಎರಡು ಕೈಯಲ್ಲೇ ಮಾಡಬಹುದು. ಒಂದೇ ಕೈ ಇರುವವರಿಗೆ ಆ ಅನುಕೂಲವಿಲ್ಲ. ಅವರಿಗೆ ಅಗಲ ಬಾಯಿಯ, ಮೇಲಿನ ಭಾಗವೆಲ್ಲ ಒಮ್ಮೆಗೇ ತೆರೆದುಕೊಳ್ಳುವ ಡಬ್ಬಿಯೇ ಬೇಕು.

ಒಂದು ಎಚ್ಚರಿಕೆ. ಸುಲಭವಾಗಿ ತೆರೆಯುವುದು ಎಲ್ಲ ಡಬ್ಬಿಗೂ ಗುಣವಲ್ಲ. ಕೆನಡಾದ ಮಕ್ಕಳ ವೈದ್ಯ ಆಂರಿ ಬ್ರೋ ಅವರ ಪ್ರಯತ್ನದಿಂದ 1967ರಲ್ಲಿ ಔಷಧದ ಶೀಶೆಗಳಿಗೆ ಒತ್ತಿ ತಿರುಗಿಸುವ ಮುಚ್ಚಳ ಬಂತು. ಮಕ್ಕಳ ಕೈಗೆ ಮಾತ್ರೆ ಸಿಗಬಾರದೆಂದು ಬೇಕೆಂದೇ ಕಷ್ಟ ಮಾಡಿದ ಮುಚ್ಚಳ ಅದು. ನೆಲ, ಮೇಜು ಒರೆಸುವ ಕ್ರಿಮಿನಾಶಕ ಹಾಳೆಗಳ ಡಬ್ಬಿ ಒಂದೇ ಒತ್ತಿಗೆ ತೆರೆಯುವಂತಿದ್ದರೆ ಅದನ್ನು ಮಕ್ಕಳಿಗೆ ಎಟುಕದ ಕಡೆಯೇ ಇಡಬೇಕು.

ನಮ್ಮ ದೇಶದಲ್ಲೂ ಈ ಯೋಚನೆಗೆ ಕಾನೂನಿನ ಬಲವಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 43ನೇ ಕಲಂ, ಸಾರ್ವತ್ರಿಕ ವಿನ್ಯಾಸದ ಬಳಕೆಯ ಸರಕುಗಳ ತಯಾರಿಕೆ ಮತ್ತು ವಿತರಣೆಯನ್ನು ಸರ್ಕಾರ ಉತ್ತೇಜಿಸಬೇಕು ಎನ್ನುತ್ತದೆ. ರ‍್ಯಾಂಪು, ಲಿಫ್ಟುಗಳ ಬಗ್ಗೆ ನಾವು ಆಗಾಗ ಮಾತಾಡುತ್ತೇವೆ. ಡಬ್ಬಿ, ಶೀಶೆ, ಪೊಟ್ಟಣಗಳ ಬಗ್ಗೆ ಮಾತಾಡುವುದು ಕಡಿಮೆ. ದಿನಕ್ಕೆ ಹತ್ತು ಸಲ ಕೈಗೆ ಬರುವುದು ಇವೇ.

ಈಗಾಗಲೇ ಮನೆಯಲ್ಲಿರುವ ಡಬ್ಬಿ ಹಗುರವಾಗಿದ್ದರೆ ಅದನ್ನು ಭಾರದ ಪಾತ್ರೆಯೊಂದರಲ್ಲಿ ಬಿಗಿಯಾಗಿ ಕೂರಿಸಿಡಿ, ಇಲ್ಲವೇ ಎರಡು ಕಡೆ ಅಂಟುವ ಟೇಪಿನಿಂದ ಮೇಜಿಗೆ ಅಂಟಿಸಿ. ತುಂಬಿದ ಪೊಟ್ಟಣವನ್ನು ಆಗಾಗ ತಲೆಕೆಳಗಾಗಿ ಇಟ್ಟರೆ ದ್ರಾವಣ ಸಮನಾಗಿ ಹರಡುತ್ತದೆ. ಮಗುವಿನ ಬಟ್ಟೆ ಬಿಚ್ಚುವ ಮುಂಚೆಯೇ ಮುಚ್ಚಳ ತೆರೆದು ಮೊದಲ ಹಾಳೆಯ ತುದಿಯನ್ನು ಎಳೆದಿಟ್ಟುಕೊಳ್ಳಿ. ಏನೇ ಆದರೂ ಮಗುವಿನ ಮೇಲಿಟ್ಟ ಕೈಯನ್ನು ತೆಗೆಯಬೇಡಿ.

ಹೊಸದನ್ನು ಕೊಳ್ಳಲು ಹೋದಾಗ ಅಂಗಡಿಯಲ್ಲಿ ಬಿಡಿಸಿಟ್ಟ ಮಾದರಿ ಇದ್ದರೆ ಕೇಳಿ ನೋಡಿ. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬಲಗೈಯಿಂದ ತೆರೆಯಿರಿ, ಒಂದೇ ಹಾಳೆ ಎಳೆಯಿರಿ, ಮುಚ್ಚಿ. ಆಮೇಲೆ ಬರೀ ಎಡಗೈಯಿಂದ ಅದನ್ನೇ ಮಾಡಿ. ಎರಡರಲ್ಲೂ ಪಾಸಾದ ಡಬ್ಬಿಯನ್ನು ಮಾತ್ರ ಕೊಳ್ಳಿ. ಪಾಸಾಗದಿದ್ದರೆ ಯಾಕೆ ಬೇಡ ಎಂಬುದನ್ನು ಅಂಗಡಿಯವರಿಗೆ ಹೇಳಿಯೇ ಬನ್ನಿ. ಕೊಳ್ಳುವವರು ಕೇಳತೊಡಗಿದರೆ ಮಾಡುವವರು ಮಾಡಿಯೇ ಮಾಡುತ್ತಾರೆ.