ಆಡಳಿತ ಸುಧಾರಣೆ ಮತ್ತು ಶಿಫಾರಸು

ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತುವ ಪ್ರಸಂಗ ನಿಮ್ಮಲ್ಲಿ ಯಾರಿಗೆ ಬಂದಿಲ್ಲ? ಖಾತೆ ಬದಲಾವಣೆಯೋ, ಪಿಂಚಣಿಯೋ, ಮಗುವಿನ ಜನನಪತ್ರವೋ, ಒಂದಲ್ಲ ಒಂದು ಕೆಲಸ ಇದ್ದೇ ಇರುತ್ತದೆ. ಅಲ್ಲಿ ಕೇಳಿಬರುವ ಉತ್ತರವೂ ಬಹುಮಟ್ಟಿಗೆ ಒಂದೇ: “ಕಡತ ಮೇಲಕ್ಕೆ ಹೋಗಿದೆ, ನಾಳೆ ಬನ್ನಿ.”

ಈ ದೋಷ ಸರ್ಕಾರಕ್ಕೆ ತಿಳಿಯದೆ ಉಳಿದದ್ದಲ್ಲ. 1966ರಲ್ಲಿಯೇ ಕೇಂದ್ರ ಸರ್ಕಾರ ಆಡಳಿತ ಸುಧಾರಣಾ ಆಯೋಗವನ್ನು ನೇಮಿಸಿತು. ಮೊದಲು ಮೊರಾರ್ಜಿ ದೇಸಾಯಿಯವರು, 1967ರಲ್ಲಿ ಅವರು ಮಂತ್ರಿಮಂಡಲ ಸೇರಿದ ಮೇಲೆ ವಿಧಾನಸೌಧವನ್ನು ಕಟ್ಟಿಸಿದ ನಮ್ಮ ಕೆಂಗಲ್ ಹನುಮಂತಯ್ಯನವರು ಅದರ ಅಧ್ಯಕ್ಷರಾದರು. ಆಯೋಗ 20 ವರದಿಗಳನ್ನು ಒಪ್ಪಿಸಿತು. 2005ರಲ್ಲಿ ಎರಡನೆಯ ಆಯೋಗ ಬಂದಿತು. ಅದರ ಅಧ್ಯಕ್ಷರೂ ಕನ್ನಡಿಗರೇ, ವೀರಪ್ಪ ಮೊಯಿಲಿಯವರು. ಅದು 15 ವರದಿಗಳನ್ನು ಕೊಟ್ಟಿತು.

ಕೊರತೆ ಶಿಫಾರಸುಗಳದ್ದಲ್ಲ, ಆಚರಣೆಯದು. ಲೋಕಪಾಲರು ಬೇಕೆಂದು ಮೊದಲ ಆಯೋಗ ಹೇಳಿದ್ದು 1966ರಲ್ಲಿ. ಸಂಸತ್ತು ಆ ಕಾಯಿದೆಯನ್ನು ಅಂಗೀಕರಿಸಿದ್ದು 2013ರಲ್ಲಿ. ಮೊದಲ ಲೋಕಪಾಲರ ನೇಮಕವಾದದ್ದು 2019ರಲ್ಲಿ.

ಇಷ್ಟು ವಿಳಂಬವೇಕೆ? ಸುಧಾರಣೆಯನ್ನು ಜಾರಿಗೆ ತರಬೇಕಾದವರು, ಅದರಿಂದ ಅಧಿಕಾರ ಕಳೆದುಕೊಳ್ಳುವವರೇ ಆಗಿರುವುದು ಮೊದಲನೆಯ ಕಾರಣ. ಎರಡನೆಯದು ಭಯ. ತೀರ್ಮಾನ ಮಾಡಿ ತಪ್ಪಿದವನಿಗೆ ವಿಚಾರಣೆಯುಂಟು. ತೀರ್ಮಾನವನ್ನೇ ಮಾಡದೆ ಕಡತವನ್ನು ಮೇಲಕ್ಕೆ ಕಳಿಸಿದವನನ್ನು ಕೇಳುವವರಿಲ್ಲ. ಇನ್ನೊಂದು, ವರ್ಗಾವಣೆ. ಕೆಲಸ ಕೈಗೆ ಹತ್ತುವಷ್ಟರಲ್ಲಿ ಅಧಿಕಾರಿಗೆ ಬೇರೆ ಊರು. ಅಧಿಕಾರಿಗಳಿಗೆ ಕನಿಷ್ಠ ಅವಧಿ ಇರಬೇಕು, ಬಾಯಿಮಾತಿನ ಆಜ್ಞೆಗಳನ್ನು ಬರೆದಿಡಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಹೇಳಬೇಕಾಯಿತು.

ಹಾಗೆಂದು ಏನೂ ಆಗಿಲ್ಲವೆನ್ನುವಂತಿಲ್ಲ. 2011ರ ಕಾಯಿದೆಯಿಂದ ಕರ್ನಾಟಕದಲ್ಲಿ ಬಂದ ‘ಸಕಾಲ’ ವ್ಯವಸ್ಥೆ, ಗೊತ್ತುಮಾಡಿದ ಸೇವೆಗಳಿಗೆ ಇಂತಿಷ್ಟು ದಿನವೆಂದು ಗಡುವು ಹಾಕಿತು. ಅರ್ಜಿಗೆ ಸಂಖ್ಯೆಯುಳ್ಳ ರಸೀತಿ ಕೊಡಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಪರಿಹಾರ ಕೇಳಬಹುದು. ಮೊತ್ತ ಚಿಕ್ಕದು, ತತ್ತ್ವ ದೊಡ್ಡದು: ವಿಳಂಬಕ್ಕೂ ಒಬ್ಬ ಹೊಣೆಗಾರನಿದ್ದಾನೆ.

ಆದರೆ ಆ ರಸೀತಿಯನ್ನು ಕೇಳಿ ಪಡೆಯುವವರು ಎಷ್ಟು ಮಂದಿ? ಕೆಲಸವೆಂದೊಡನೆ ನಾವು ಮೊದಲು ಹುಡುಕುವುದು ಕಚೇರಿಯಲ್ಲಿ ಪರಿಚಯವಿರುವವರನ್ನು. ಅದಕ್ಕೂ ನಮ್ಮಲ್ಲಿ ಶಿಫಾರಸು ಎಂದೇ ಹೆಸರು. ಆಯೋಗದ ಶಿಫಾರಸು ಕಪಾಟಿನಲ್ಲಿ ಕುಳಿತರೆ, ಈ ಶಿಫಾರಸು ಕಡತವನ್ನು ಓಡಿಸುತ್ತದೆ. ನಮ್ಮ ಕಡತ ಮುಂದಕ್ಕೆ ಬಂದಾಗ ಹಿಂದಕ್ಕೆ ಸರಿಯುವುದು ಯಾರನ್ನೂ ಅರಿಯದ ಬಡ ವಿಧವೆಯ ಪಿಂಚಣಿ ಅರ್ಜಿ. ಆಕೆಯ ಅರ್ಜಿ ಯಾರ ಮಾತಿನ ಹಂಗೂ ಇಲ್ಲದೆ, ತನ್ನ ಸರದಿಯಲ್ಲಿ ಇತ್ಯರ್ಥವಾದ ದಿನವೇ ಆಡಳಿತ ಸುಧಾರಿಸಿತೆಂದು ನಾವು ಹೇಳಬಹುದು. ಅಷ್ಟರಮಟ್ಟಿಗೆ ಆ ಕೆಲಸ ಸರ್ಕಾರದ್ದೂ ಹೌದು, ನಿಮ್ಮದೂ ನನ್ನದೂ ಹೌದು.